ಪ್ರಕಾರವನ್ನು ಕೇಳುವ ಪರಿ

ಹಾಲು ಉತ್ಪಾದಕರ ಸಂಘವೊಂದರ ಲೆಕ್ಕಕ್ಕಾಗಿ ಯಾರೋ ಒಬ್ಬರು ಪೈಥಾನ್ ಭಾಷೆಯಲ್ಲಿ ಪುಟ್ಟದೊಂದು ಪ್ರೋಗ್ರಾಮನ್ನು ಬರೆದು, ಬೆಳಗಿನ ಹಾಲೂ ಸಂಜೆಯ ಹಾಲೂ ಸಮವೆಂದು ಎಣಿಸಿ, ಕೀಲಿಮಣೆಯಿಂದ ಬಂದ ಲೀಟರಿನ ಸಂಖ್ಯೆಯನ್ನು ಎರಡರಿಂದ ಗುಣಿಸುವಂತೆ ಏರ್ಪಡಿಸಿದರೆಂದು ಇಟ್ಟುಕೊಳ್ಳೋಣ. ಸಂಘದ ಕಾರ್ಯದರ್ಶಿಗಳು ಕನ್ನಡ ಅಂಕಿಗಳಲ್ಲಿ ೨೫ ಎಂದು ಒತ್ತುತ್ತಾರೆ. ಐವತ್ತು ಎಂಬ ಉತ್ತರ ಬರಬೇಕಾದಲ್ಲಿ ಪರದೆಯ ಮೇಲೆ ೨೫೨೫ ಎಂದು ಮೂಡುತ್ತದೆ. ಯಂತ್ರವು ಆಕ್ಷೇಪವೆತ್ತುವುದಿಲ್ಲ, ದೋಷವೆಂದು ಸಾರುವುದಿಲ್ಲ, ಕೆಲಸವನ್ನು ನಿಲ್ಲಿಸುವುದೂ ಇಲ್ಲ. ತನಗೆ ಒಪ್ಪಿಸಿದುದನ್ನು ಯಥಾವತ್ತಾಗಿ ನೆರವೇರಿಸಿ ಸುಮ್ಮನಾಗುತ್ತದೆ. ಇನ್‌ಪುಟ್ ಎಂಬ ಫಂಕ್ಷನ್ನಿನ ಮೂಲಕ ಕೀಲಿಮಣೆಯಿಂದ ಬರುವುದೆಲ್ಲವೂ ಪೈಥಾನಿನಲ್ಲಿ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ಸ್ಟ್ರಿಂಗನ್ನು ಎರಡರಿಂದ ಗುಣಿಸುವುದೆಂದರೆ ಅದನ್ನು ಎರಡು ಸಲ ಒಂದರ ಪಕ್ಕದಲ್ಲೊಂದು ಇಡುವುದು. ಅದೇ ಸ್ಟ್ರಿಂಗಿಗೆ ಎರಡನ್ನು ಕೂಡಲು ಹೊರಟಿದ್ದರೆ ‘ಟೈಪ್‌ಎರರ್’ ಎಂಬ ದೋಷ ಆ ಕ್ಷಣದಲ್ಲಿಯೇ ತಲೆಯೆತ್ತುತ್ತಿತ್ತು. ಅದನ್ನು ಮೊದಲು ಇಂಟ್ ಎಂಬ ವರ್ಗಕ್ಕೆ, ಅಂದರೆ ಕ್ಲಾಸಿಗೆ, ಒಪ್ಪಿಸಿದ್ದರೆ, ಯೂನಿಕೋಡಿನ ದಶಮಾನ ಅಂಕಿಗಳೆಲ್ಲವನ್ನೂ ಓದಬಲ್ಲ ಆ ವರ್ಗವು ಕನ್ನಡದ ೨೫ನ್ನೂ ಓದಿ 25 ಎಂಬ ಪೂರ್ಣಾಂಕವನ್ನೇ ಕೈಗಿಡುತ್ತಿತ್ತು. ಕೂಡುವಾಗ ಕೂಗಿಕೊಳ್ಳುವ ಭಾಷೆಯು ಗುಣಿಸುವಾಗ ಮೌನವಾಗಿರುವುದೇಕೆಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವನು, ಪ್ರೋಗ್ರಾಮಿನೊಳಗಣ ವಸ್ತುಗಳ ಪ್ರಕಾರವನ್ನು ಯಾವಾಗ ಕೇಳಬೇಕು, ಹೇಗೆ ಕೇಳಬೇಕು, ಕೇಳಿದಾಗ ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿಚಾರದೊಳಕ್ಕೆ ತಾನಾಗಿಯೇ ಪ್ರವೇಶಿಸುತ್ತಾನೆ.

ಸಿ, ಜಾವಾ ಮೊದಲಾದ ಭಾಷೆಗಳಲ್ಲಿ ಪ್ರೋಗ್ರಾಮು ಬರೆಯುವವನು ಹೆಸರನ್ನು ಮೊದಲು ಘೋಷಿಸಿ, ಈ ಹೆಸರಿನಡಿ ಪೂರ್ಣಾಂಕವಲ್ಲದೆ ಬೇರೊಂದು ಇರಕೂಡದೆಂದು ಕಟ್ಟುಮಾಡುತ್ತಾನೆ. 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಶೋಧನ ಕೇಂದ್ರವಾದ ಸಿಡಬ್ಲ್ಯುಐಯಲ್ಲಿದ್ದ ಗೀಡೊ ವಾನ್ ರಾಸಮ್ ಅವರು ಬರೆಯತೊಡಗಿ, 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಕೊಟ್ಟ ಪೈಥಾನಿನಲ್ಲಿ ಅಂಥ ಕಟ್ಟು ಇಲ್ಲ. ಇಲ್ಲಿ ಪ್ರಕಾರವೆಂಬುದು ವಸ್ತುವಿನ ಸೊತ್ತು. ಹೆಸರು ಬರಿಯ ಚೀಟಿ, ಇಂದು ಸಂಖ್ಯೆಗೆ ಅಂಟಿದ್ದುದು ನಾಳೆ ಪಟ್ಟಿಗೆ ಅಂಟಬಹುದು. ಇಷ್ಟರಿಂದಲೇ ಪೈಥಾನಿನಲ್ಲಿ ಪ್ರಕಾರಗಳೇ ಇಲ್ಲವೆಂದು ಕೆಲವರು ಭಾವಿಸುವುದುಂಟು. ವಾಸ್ತವವು ಅದಕ್ಕೆ ತೀರ ವಿರುದ್ಧ. ಪೂರ್ಣಾಂಕ, ಸ್ಟ್ರಿಂಗ್, ಪಟ್ಟಿ, ಫಂಕ್ಷನ್, ಮೆಥಡ್, ಕಡೆಗೆ ವರ್ಗವೆಂಬುದೂ ಸೇರಿ ಪೈಥಾನಿನ ಸಮಸ್ತವೂ ವಸ್ತು, ಮತ್ತು ಪ್ರಕಾರವಿಲ್ಲದ ವಸ್ತುವೊಂದು ಅಲ್ಲಿ ಹುಟ್ಟಲಾರದು. ಆದರೆ ಆ ಪ್ರಕಾರದ ವಿಚಾರಣೆ ನಡೆಯುವುದು ವಸ್ತುವಿನ ಮೇಲೆ ಕ್ರಿಯೆಯೊಂದು ನಡೆಯುವ ಗಳಿಗೆಯಲ್ಲಿ ಮಾತ್ರ. ಗುಣಾಕಾರಕ್ಕೆ ಸ್ಟ್ರಿಂಗಿನಲ್ಲಿಯೂ ಒಂದು ಅರ್ಥವಿದ್ದುದರಿಂದ ಹಾಲಿನ ಲೆಕ್ಕ ಕೆಟ್ಟಿತೇ ಹೊರತು ಯಂತ್ರಕ್ಕೆ ದೋಷವೇನೂ ಕಾಣಲಿಲ್ಲ.

ವಸ್ತುವಿನ ಪ್ರಕಾರವನ್ನು ಕೇಳುವುದಕ್ಕೆ ಎಲ್ಲಕ್ಕಿಂತ ನೇರವಾದ ಉಪಾಯ ಟೈಪ್ ಎಂಬುದು. ವಸ್ತುವನ್ನು ಅದರ ಆವರಣದೊಳಗೆ ಇಟ್ಟರೆ ಅದು ಯಾವ ವರ್ಗದಿಂದ ಸೃಷ್ಟಿಯಾಯಿತೋ ಆ ವರ್ಗವನ್ನೇ ಮರಳಿಸುತ್ತದೆ. ಮರಳಿ ಬಂದದ್ದು ಹೆಸರಲ್ಲ, ಜೀವಂತವಾದ ವರ್ಗ; ಅದನ್ನು ಮತ್ತೆ ಕರೆದು ಹೊಸ ವಸ್ತುವನ್ನೂ ಹುಟ್ಟಿಸಬಹುದು. ಆ ವರ್ಗದ ಪ್ರಕಾರವನ್ನೇ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಟೈಪ್’, ಟೈಪಿನ ಪ್ರಕಾರವನ್ನು ಕೇಳಿದರೆ ಬರುವುದೂ ‘ಟೈಪ್’. ಅಲ್ಲಿಂದಾಚೆಗೆ ಹತ್ತಲು ಮೆಟ್ಟಿಲಿಲ್ಲ. ಆಬ್ಜೆಕ್ಟ್ ಎಂಬ ಮೂಲವರ್ಗವು ಟೈಪಿನ ಸೃಷ್ಟಿಯೆಂತಲೂ, ಟೈಪ್ ಎಂಬುದು ಆಬ್ಜೆಕ್ಟಿನ ಸಂತತಿಯೆಂತಲೂ ಎರಡು ಮಾತುಗಳು ಏಕಕಾಲದಲ್ಲಿ ಸತ್ಯವಾಗಿರುವುದನ್ನು ಕಂಡು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಹುಬ್ಬೇರಿಸಬಹುದು; ಅನ್ಯೋನ್ಯಾಶ್ರಯವೆಂಬ ದೋಷವನ್ನು ಪೈಥಾನ್ ತನ್ನ ಅಸ್ತಿವಾರದಲ್ಲಿಯೇ ನಿಸ್ಸಂಕೋಚವಾಗಿ ಹೂತಿಟ್ಟಿದೆ.

ಈ ಸೌಷ್ಠವ ಮೊದಲಿನಿಂದ ಇದ್ದದ್ದಲ್ಲ. ಭಾಷೆಯೊಡನೆ ಬಂದ ಪ್ರಕಾರಗಳು ಒಂದು ಕುಲ, ಪ್ರೋಗ್ರಾಮು ಬರೆಯುವವನು ತಾನೇ ರಚಿಸಿದ ವರ್ಗಗಳು ಇನ್ನೊಂದು ಕುಲ ಎಂಬ ಭೇದವು ಪೈಥಾನಿನ ಪ್ರಥಮ ದಶಕದುದ್ದಕ್ಕೂ ಇತ್ತು. ಆ ದಿನಗಳಲ್ಲಿ ‘ಖಾತೆ’ಯೆಂಬ ವರ್ಗದಿಂದ ಬಂದ ವಸ್ತುವನ್ನು ಕೇಳಿದರೂ ‘ಗ್ರಾಹಕ’ನೆಂಬ ವರ್ಗದಿಂದ ಬಂದುದನ್ನು ಕೇಳಿದರೂ ಟೈಪ್ ಒಂದೇ ಉತ್ತರ ಕೊಡುತ್ತಿತ್ತು: ‘ಇನ್‌ಸ್ಟನ್ಸ್’. ಕೇಳಿದವನಿಗೆ ಇದರಿಂದ ಏನು ಪ್ರಯೋಜನ? 2001ರ ಡಿಸೆಂಬರಿನಲ್ಲಿ ಹೊರಬಂದ 2.2ನೆಯ ಆವೃತ್ತಿಯು ಈ ಎರಡು ಕುಲಗಳನ್ನು ಒಂದುಗೂಡಿಸಲು ಉಪಕ್ರಮಿಸಿತು. 2008ರ ಡಿಸೆಂಬರಿನ 3.0ರಲ್ಲಿ ಹಳೆಯ ಬಗೆಯ ವರ್ಗಗಳು ನಿಶ್ಶೇಷವಾದವು. ಇಂದು ಇಂಟಿನಿಂದ, ಲಿಸ್ಟಿನಿಂದ, ಸ್ಟ್ರಿಂಗಿನಿಂದ ನಾವು ನಮ್ಮದೇ ಮರಿವರ್ಗಗಳನ್ನು ಪಡೆಯಬಹುದಾಗಿರುವುದು ಆ ಒಗ್ಗೂಡುವಿಕೆಯ ಫಲ. ಟೈಪನ್ನು ಮಾತ್ರ ನೆಚ್ಚಿದವನಿಗೆ ತೊಡಕು ಹುಟ್ಟುವುದೂ ಇಲ್ಲಿಂದಲೇ.

ಏಕೆಂದರೆ, ವಸ್ತುವಿನ ಪ್ರಕಾರ ನಿಖರವಾಗಿ ಇಂಟೇ ಹೌದೋ ಅಲ್ಲವೋ ಎಂದು ಸಮಚಿಹ್ನೆಯಿಟ್ಟು ತಾಳೆ ನೋಡುವವನು ಮರಿವರ್ಗದಿಂದ ಬಂದ, ಎಲ್ಲ ರೀತಿಯಿಂದಲೂ ಇಂಟಿನಂತೆಯೇ ನಡೆಯುವ ಯೋಗ್ಯ ವಸ್ತುವನ್ನು ಬಾಗಿಲಿನಿಂದಲೇ ಹಿಂದಕ್ಕಟ್ಟುತ್ತಾನೆ. ನಮ್ಮ ಹಳ್ಳಿಗಳಲ್ಲಿ ಅಪರಿಚಿತ ಹುಡುಗನನ್ನು ಕಂಡ ಹಿರಿಯರು ಹೆಸರು ಕೇಳಿ ಸುಮ್ಮನಾಗದೆ, ಯಾರ ಮಗನಪ್ಪಾ, ಯಾರ ಮನೆಯವನು ಎಂದು ವಿಚಾರಿಸುವಂತೆ, ವಸ್ತುವಿನ ವಂಶವನ್ನು ಹಿಡಿದು ಕೇಳುವ ಬಗೆಯೊಂದು ಪೈಥಾನಿನಲ್ಲಿ ಉಂಟು. ಅದರ ಹೆಸರು ಈಸ್‌ಇನ್‌ಸ್ಟನ್ಸ್. ಈ ವಸ್ತು ಈ ವರ್ಗದ್ದೋ, ಅಥವಾ ಈ ವರ್ಗದಿಂದ ಇಳಿದುಬಂದ ಯಾವುದಾದರೊಂದು ವರ್ಗದ್ದೋ ಎಂಬುದಕ್ಕೆ ಅದು ಹೌದು ಅಥವಾ ಅಲ್ಲ ಎನ್ನುತ್ತದೆ. ಹಲವು ವರ್ಗಗಳನ್ನು ಒಟ್ಟಿಗೆ ಕೊಟ್ಟು, ಇವುಗಳಲ್ಲಿ ಯಾವುದಾದರೂ ಸರಿಯೇ ಎಂದು ಕೇಳುವುದಕ್ಕೂ ಅವಕಾಶವಿದೆ. ಇವೆರಡರಲ್ಲಿ ನಿತ್ಯದ ಬಳಕೆಗೆ ಈಸ್‌ಇನ್‌ಸ್ಟನ್ಸೇ ಲೇಸೆಂಬುದು ಪೈಥಾನ್ ಬಲ್ಲವರ ಸಾಮಾನ್ಯ ಮತ, ನನ್ನದೂ ಅದೇ. ಆದರೆ ವಂಶಾವಳಿಯ ವಿಚಾರಣೆಯಲ್ಲಿ ಅನಿರೀಕ್ಷಿತ ಬಂಧುಗಳು ಹೊರಬೀಳುವುದುಂಟು. 2003ರಲ್ಲಿ 2.3ನೆಯ ಆವೃತ್ತಿಯೊಡನೆ ಸತ್ಯ ಮತ್ತು ಅಸತ್ಯಗಳಿಗಾಗಿ ಬೂಲ್ ಎಂಬ ಪ್ರಕಾರವನ್ನು ಸೇರಿಸಿದಾಗ, ಅದುವರೆಗೆ 1 ಮತ್ತು 0ಗಳನ್ನು ಆ ಕಾರ್ಯಕ್ಕೆ ಬಳಸುತ್ತಿದ್ದ ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಬೂಲನ್ನು ಇಂಟಿನ ಮರಿವರ್ಗವಾಗಿ ಮಾಡಿದರು. ತತ್ಫಲವಾಗಿ ‘ಟ್ರೂ’ ಎಂಬುದು ಪೂರ್ಣಾಂಕವೇ ಎಂದು ಈಸ್‌ಇನ್‌ಸ್ಟನ್ಸನ್ನು ಕೇಳಿದರೆ ಹೌದೆನ್ನುತ್ತದೆ, ಎರಡು ಟ್ರೂಗಳನ್ನು ಕೂಡಿದರೆ 2 ಬರುತ್ತದೆ. ವೈಜ್ಞಾನಿಕ ಗಣನೆಗೆ ಎಲ್ಲರೂ ಬಳಸುವ ನಂಪೈ ಗ್ರಂಥಾಲಯದ ನಡತೆ ಇನ್ನೂ ವಿಚಿತ್ರ: ಅದರ 64 ಬಿಟ್ಟಿನ ದಶಮಾಂಶ ಸಂಖ್ಯೆಯು ಪೈಥಾನಿನ ಫ್ಲೋಟಿನ ಸಂತತಿ, 64 ಬಿಟ್ಟಿನ ಪೂರ್ಣಾಂಕವಾದರೋ ಪೈಥಾನ್ 3ರಲ್ಲಿ ಇಂಟಿನ ಸಂತತಿಯಲ್ಲ. ಒಂದೇ ಮನೆಯಿಂದ ಬಂದ ಇಬ್ಬರಲ್ಲಿ ಒಬ್ಬನಿಗೆ ಪ್ರವೇಶ, ಇನ್ನೊಬ್ಬನಿಗೆ ನಿಷೇಧ. ದತ್ತಾಂಶದ ಕೋಷ್ಟಕವೊಂದರಿಂದ ತೆಗೆದ ಎಣಿಕೆಯನ್ನು ‘ಇದು ಇಂಟ್ ಅಲ್ಲ’ವೆಂದು ತಿರಸ್ಕರಿಸುವ ಪ್ರೋಗ್ರಾಮುಗಳ ಹಿಂದೆ ಅನೇಕವೇಳೆ ಇರುವುದು ಈ ಸಂಗತಿಯೇ.

ಇಷ್ಟು ಸಾಮಾನ್ಯ ವಸ್ತುಗಳ ಮಾತಾಯಿತು. ಮೆಥಡ್‌ಗಳ ಪ್ರಕಾರವನ್ನು ಕೇಳಹೊರಟಾಗ ಪೈಥಾನಿನ ಒಳಗಣ ಯಂತ್ರವಿಧಾನವೇ ತೆರೆದುಕೊಳ್ಳುವುದರಿಂದ ಅಲ್ಲಿ ಸಾವಕಾಶವಾಗಿ ನಿಲ್ಲುವುದು ಉಚಿತ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದಾದುದರಿಂದ ಉದಾಹರಣೆಗಾಗಿ ನಾವು ‘ಖಾತೆ’ ಎಂಬ ವರ್ಗವೊಂದನ್ನು ರಚಿಸಿ, ಅದರೊಳಗೆ ಮೊತ್ತವನ್ನು ಸ್ವೀಕರಿಸುವ ‘ಜಮಾ’ ಎಂಬ ಫಂಕ್ಷನ್ನನ್ನು ಬರೆದು, ಆ ವರ್ಗದಿಂದ ‘ರಂಗಮ್ಮ’ ಎಂಬ ಹೆಸರಿನ ವಸ್ತುವೊಂದನ್ನು ಪಡೆದೆವೆನ್ನಿ. ‘ಖಾತೆ’ಯೆಂದು ಬರೆದು, ಬಿಂದುವಿಟ್ಟು, ‘ಜಮಾ’ ಎಂದು ಸೇರಿಸಿ ಅದರ ಪ್ರಕಾರವನ್ನು ಕೇಳಿದರೆ ‘ಫಂಕ್ಷನ್’ ಎಂಬ ಉತ್ತರ ಬರುತ್ತದೆ. ‘ರಂಗಮ್ಮ’ ಎಂದು ಬರೆದು, ಬಿಂದುವಿಟ್ಟು, ಅದೇ ‘ಜಮಾ’ವನ್ನು ಸೇರಿಸಿ ಕೇಳಿದರೆ ಬರುವ ಉತ್ತರ ‘ಮೆಥಡ್’. ಬರೆದದ್ದು ಒಂದೇ ಫಂಕ್ಷನ್, ಕೇಳಿದ ದಾರಿಗಳೆರಡು, ಪ್ರಕಾರಗಳೂ ಎರಡು!

ರಂಗಮ್ಮನ ಹೆಸರಿನ ವಸ್ತುವಿನೊಳಗೆ ಜಮಾ ಎಂಬ ಮೆಥಡ್ ಎಲ್ಲಿಯೂ ಕುಳಿತಿಲ್ಲ. ಬಿಂದುವನ್ನಿಟ್ಟು ಕೇಳಿದ ಕೂಡಲೆ ಪೈಥಾನ್ ಮೊದಲು ಖಾತೆಯ ವರ್ಗದಲ್ಲಿಯೂ ಅದರ ಪೂರ್ವಜರಲ್ಲಿಯೂ ಜಮಾ ಎಂಬ ಹೆಸರನ್ನು ಅರಸುತ್ತದೆ, ವಸ್ತುವಿನ ಸ್ವಂತ ಕಣಜದಲ್ಲಿ ಆ ಹೆಸರು ಇದೆಯೇ ಎಂದೂ ನೋಡುತ್ತದೆ. ವರ್ಗದಲ್ಲಿ ಸಿಕ್ಕಿದ್ದು ಫಂಕ್ಷನ್ ಆಗಿದ್ದು, ವಸ್ತುವಿನ ಬಳಿ ಅದೇ ಹೆಸರಿನ ಬೇರೆಯೇನೂ ಇಲ್ಲದಿದ್ದರೆ, ಆ ಫಂಕ್ಷನ್ನಿನೊಳಗೆ ಹುದುಗಿರುವ, ಎರಡೆರಡು ಅಂಡರ್‌ಸ್ಕೋರುಗಳ ನಡುವೆ ‘ಗೆಟ್’ ಎಂದು ಬರೆಯಲ್ಪಡುವ ವಿಶೇಷ ಮೆಥಡ್ಡನ್ನು ಕರೆಯುತ್ತದೆ. ಫಂಕ್ಷನ್ನನ್ನೂ ರಂಗಮ್ಮನನ್ನೂ ಒಂದಾಗಿ ಕಟ್ಟಿದ ಹೊಸ ವಸ್ತುವೊಂದನ್ನು ಆ ಗೆಟ್ ಅಲ್ಲಿಯೇ ನಿರ್ಮಿಸಿ ಕೊಡುತ್ತದೆ. ನಮಗೆ ‘ಮೆಥಡ್’ ಎಂದು ಕಂಡದ್ದು ಈ ಜೋಡಿಯೇ. ಅದನ್ನು ಬಿಚ್ಚಿ ನೋಡುವುದೂ ಸಾಧ್ಯ: ‘ಸೆಲ್ಫ್’ ಎಂಬ ಅಂಡರ್‌ಸ್ಕೋರ್‌ಸಹಿತ ಗುಣವನ್ನು ಕೇಳಿದರೆ ರಂಗಮ್ಮನೇ ಹೊರಬರುತ್ತಾಳೆ, ‘ಫಂಕ್’ ಎಂಬುದನ್ನು ಕೇಳಿದರೆ ಖಾತೆಯ ಮೂಲ ಫಂಕ್ಷನ್ ಹೊರಬರುತ್ತದೆ. ಹೀಗೆ ಕೇಳಿದಾಗಲೆಲ್ಲ ಹೊಸದಾಗಿ ಹುಟ್ಟುವುದರಿಂದಲೇ, ರಂಗಮ್ಮನ ಜಮಾವನ್ನು ಎರಡು ಸಲ ಪಡೆದು ಎರಡೂ ಒಂದೇ ವಸ್ತುವೇ ಎಂದು ‘ಈಸ್’ ಎಂಬ ಪದದಿಂದ ಕೇಳಿದರೆ ಅಲ್ಲವೆಂದೂ, ಸಮಚಿಹ್ನೆಯ ಜೋಡಿಯಿಂದ ಕೇಳಿದರೆ ಸಮವೆಂದೂ ಉತ್ತರ ಬರುತ್ತದೆ. ಪ್ರತಿ ಕರೆಗೂ ಒಂದು ವಸ್ತುವನ್ನು ಸೃಷ್ಟಿಸಿ ಒಡನೆಯೇ ಎಸೆಯುವುದು ದುಂದುಗಾರಿಕೆಯಲ್ಲವೇ ಎಂಬ ಶಂಕೆಯನ್ನು ಭಾಷೆಯನ್ನು ಕಟ್ಟುವವರೂ ಮನಗಂಡಿದ್ದರು. ಬಿಂದುವಿನ ಬೆನ್ನಿಗೇ ಆವರಣಚಿಹ್ನೆ ಬಂದು ಕರೆಯು ತತ್‌ಕ್ಷಣ ನಡೆಯುವ ಸಂದರ್ಭದಲ್ಲಿ ಈ ಮಧ್ಯದ ವಸ್ತುವನ್ನು ನಿರ್ಮಿಸದೆಯೇ ಕೆಲಸ ಸಾಗಿಸುವ ಉಪಾಯವನ್ನು 2018ರ 3.7ನೆಯ ಆವೃತ್ತಿಯಿಂದ ಅಳವಡಿಸಿದ್ದಾರೆ.

ಪೈಥಾನ್ 2ರ ಕಾಲದಲ್ಲಿ ವರ್ಗದ ಮೂಲಕ ಕೇಳಿದಾಗಲೂ ಬರಿಯ ಫಂಕ್ಷನ್ ಸಿಕ್ಕುತ್ತಿರಲಿಲ್ಲ. ಯಾರಿಗೂ ಕಟ್ಟದ ಮೆಥಡ್ ಎಂಬುದೊಂದು ಮಧ್ಯಸ್ಥ ವಸ್ತು ದೊರೆಯುತ್ತಿತ್ತು. ಅದನ್ನು ಕರೆಯುವವನು ಮೊದಲನೆಯ ಸ್ಥಾನದಲ್ಲಿ ಆ ವರ್ಗದ ವಸ್ತುವನ್ನೇ ಒಪ್ಪಿಸಬೇಕಾಗಿತ್ತು, ಬೇರೆಯದನ್ನು ಒಪ್ಪಿಸಿದರೆ ಟೈಪ್‌ಎರರ್ ಬರುತ್ತಿತ್ತು. ಅಂದರೆ ಪ್ರಕಾರದ ಪರೀಕ್ಷೆಯೊಂದನ್ನು ಭಾಷೆಯೇ ಸ್ವಯಂ ನಡೆಸುತ್ತಿತ್ತು, 3.0ರಲ್ಲಿ ಅದನ್ನು ಬೇಡವೆಂದು ತೊರೆಯಿತು. ಈಗ ಖಾತೆಯ ಜಮಾಕ್ಕೆ ಖಾತೆಯ ಬದಲು ಮತ್ತಾವುದನ್ನು ಕೊಟ್ಟರೂ, ಕೊಟ್ಟ ವಸ್ತುವಿನಲ್ಲಿ ಬೇಕಾದ ಗುಣಗಳು ಇರುವವರೆಗೆ ಪೈಥಾನ್ ತಕರಾರು ಮಾಡದು. ಈ ತ್ಯಾಗವು ಭಾಷೆಯ ಸ್ವಭಾವಕ್ಕೆ ಒಪ್ಪುವಂಥದೇ ಎಂದು ನಾನು ಬಲ್ಲೆ.

ಮೆಥಡ್‌ಗಳ ಪ್ರಕಾರವನ್ನು ಅರಿಯುವುದು ಪಾಂಡಿತ್ಯಪ್ರದರ್ಶನಕ್ಕೆ ಮಾತ್ರವೆಂದು ಯಾರಾದರೂ ತಿಳಿದರೆ ಅವರಿಗೆ ಈ ಸಾಲನ್ನು ತೋರಿಸಬಹುದು: ಖಾತೆಯು ಬರಿದಾಗಿದೆಯೇ ಎಂದು ಹೇಳುವ ‘ಬರಿದೇ’ ಎಂಬ ಮೆಥಡ್ ಇದ್ದು, ಅದು ಹೌದಾದರೆ ಖಾತೆಯನ್ನು ಮುಚ್ಚಬೇಕೆಂದು ಬರೆಯುವವನು ಅವಸರದಲ್ಲಿ ಕೊನೆಯ ಆವರಣಚಿಹ್ನೆಗಳನ್ನು ಮರೆತನೆನ್ನಿ. ಆಗ ‘ಇಫ್’ ಎಂಬುದು ಪರೀಕ್ಷಿಸುವುದು ಮೆಥಡ್ ಕೊಡುವ ಉತ್ತರವನ್ನಲ್ಲ, ಮೆಥಡ್ ಎಂಬ ವಸ್ತುವನ್ನೇ. ವಸ್ತುವೊಂದು ತಾನು ಶೂನ್ಯವೆಂದು ಸಾರಿಕೊಳ್ಳದ ಹೊರತು ಪೈಥಾನ್ ಅದನ್ನು ಸತ್ಯವೆಂದೇ ಗಣಿಸುವುದರಿಂದ, ಲಕ್ಷ ರೂಪಾಯಿಯಿರುವ ಖಾತೆಯೂ ಬರಿದೆಂದೇ ನಿರ್ಣಯವಾಗಿ ಮುಚ್ಚಿಹೋಗುತ್ತದೆ. ದೋಷಸೂಚನೆ ಇಲ್ಲಿಯೂ ಇಲ್ಲ. ಆ ಹೆಸರನ್ನು ಟೈಪಿಗೆ ಒಪ್ಪಿಸಿ ಒಮ್ಮೆ ಅಚ್ಚು ಹಾಕಿಸಿ ನೋಡಿದರೆ ‘ಬೂಲ್’ ಎಂದು ಬರಬೇಕಾದಲ್ಲಿ ‘ಮೆಥಡ್’ ಎಂದು ಬಂದು ಗುಟ್ಟು ರಟ್ಟಾಗುತ್ತದೆ.

ನಾವು ಬರೆದ ವರ್ಗಗಳನ್ನು ಬಿಟ್ಟು ಭಾಷೆಯೊಡನೆ ಬಂದವುಗಳ ಕಡೆಗೆ ತಿರುಗಿದರೆ ಪರಿಭಾಷೆ ಇನ್ನಷ್ಟು ದಟ್ಟವಾಗುತ್ತದೆ. ಪಟ್ಟಿಯೊಂದರ ‘ಅಪೆಂಡ್’ ಎಂಬುದನ್ನು ಕೇಳಿದರೆ ಅದರ ಪ್ರಕಾರ ‘ಬಿಲ್ಟ್‌ಇನ್ ಫಂಕ್ಷನ್ ಆರ್ ಮೆಥಡ್’ ಎಂದು ಬರುತ್ತದೆ; ಇದು ಫಂಕ್ಷನ್ನೋ ಮೆಥಡ್ಡೋ ಎಂಬುದನ್ನು ನಿರ್ಧರಿಸುವ ಗೋಜಿಗೇ ಹೋಗದೆ ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿಬಿಟ್ಟ ಧೈರ್ಯವನ್ನು ಮೆಚ್ಚಲೇಬೇಕು. ಅದೇ ಅಪೆಂಡನ್ನು ಲಿಸ್ಟ್ ಎಂಬ ವರ್ಗದ ಮೂಲಕ ಕೇಳಿದರೆ ‘ಮೆಥಡ್ ಡಿಸ್ಕ್ರಿಪ್ಟರ್’ ಎಂಬ ಬೇರೆಯ ಪ್ರಕಾರ. ಇವೆಲ್ಲ ಸಿ ಭಾಷೆಯಲ್ಲಿ ಬರೆಯಲ್ಪಟ್ಟ ಭಾಗಗಳು. ಪೈಥಾನಿನಲ್ಲಿ ಬರೆದ ಮೆಥಡ್‌ಗಳ ಜಾತಿಗೆ ಸೇರಿದವಲ್ಲ. ಆದ್ದರಿಂದಲೇ, ವಸ್ತುಗಳ ಒಳಗನ್ನು ಶೋಧಿಸಲೆಂದು ಇರುವ ‘ಇನ್‌ಸ್ಪೆಕ್ಟ್’ ಎಂಬ ಮಾಡ್ಯೂಲಿನ ‘ಈಸ್‌ಮೆಥಡ್’ ಎಂಬ ಪರೀಕ್ಷೆಗೆ ಪಟ್ಟಿಯ ಅಪೆಂಡನ್ನು ಒಪ್ಪಿಸಿದರೆ ಅದು ಮೆಥಡ್ ಅಲ್ಲವೆಂದೇ ಹೇಳುತ್ತದೆ! ಪೈಥಾನಿನಲ್ಲಿ ಬರೆದು ವಸ್ತುವಿಗೆ ಕಟ್ಟಲ್ಪಟ್ಟದ್ದನ್ನು ಮಾತ್ರ ಮೆಥಡ್ ಎಂದು ಪರಿಗಣಿಸುವ ಆ ಪರೀಕ್ಷೆಯನ್ನು ಅಕ್ಷರಶಃ ನಂಬಿದವನು, ಮೆಥಡ್‌ಗಳ ಪಟ್ಟಿಯನ್ನು ಮಾಡಲು ಹೋಗಿ ಅರ್ಧವನ್ನು ಕಳೆದುಕೊಳ್ಳುತ್ತಾನೆ. ಅಂಥವನಿಗೆ ‘ಈಸ್‌ರೂಟೀನ್’ ಎಂಬ, ಬಾಹು ಇನ್ನಷ್ಟು ವಿಶಾಲವಾದ ಪರೀಕ್ಷೆ ಅಲ್ಲಿಯೇ ಪಕ್ಕದಲ್ಲಿ ಉಂಟು. ವರ್ಗಕ್ಕೆ ಸಂಬಂಧಿಸಿದ ಕ್ಲಾಸ್‌ಮೆಥಡ್ಡಿನ ‘ಸೆಲ್ಫ್’ ಅನ್ನು ಕೇಳಿದರೆ ವಸ್ತುವಿಗೆ ಬದಲಾಗಿ ವರ್ಗವೇ ಬರುತ್ತದೆಂಬುದನ್ನೂ, ಸ್ಟ್ಯಾಟಿಕ್‌ಮೆಥಡ್ಡನ್ನು ಯಾವ ದಾರಿಯಿಂದ ಕೇಳಿದರೂ ಬರಿಯ ಫಂಕ್ಷನ್ನೇ ಸಿಗುತ್ತದೆಂಬುದನ್ನೂ ಇಲ್ಲಿ ಹೇಳಿ ಮುಂದೆ ಸಾಗುತ್ತೇನೆ.

ಬಹುಪಾಲು ಸಂದರ್ಭಗಳಲ್ಲಿ ನಮಗೆ ಬೇಕಾದದ್ದು ಇದು ಫಂಕ್ಷನ್ನೋ ಮೆಥಡ್ಡೋ ಎಂಬ ಕುಲಶೋಧನೆಯಲ್ಲ. ಇದನ್ನು ಕರೆಯಬಹುದೇ ಎಂಬ ಒಂದು ಮಾತು. ಅದಕ್ಕೆ ‘ಕಾಲಬಲ್’ ಎಂಬುದಿದೆ. 3.0ರಲ್ಲಿ ಇದನ್ನು ಅನಾವಶ್ಯಕವೆಂದು ತೆಗೆದುಹಾಕಿದ್ದರು, 2011ರ 3.2ರಲ್ಲಿ ಮರಳಿ ತಂದರು. ಜನರ ಬಳಕೆಯ ಮುಂದೆ ಶುದ್ಧಿಯ ಹಟ ನಿಲ್ಲಲಿಲ್ಲ. ಫಂಕ್ಷನ್, ಮೆಥಡ್, ವರ್ಗ, ‘ಕಾಲ್’ ಎಂಬ ವಿಶೇಷ ಮೆಥಡ್ ಇರುವ ವರ್ಗದ ವಸ್ತು, ಇವೆಲ್ಲವನ್ನೂ ಅದು ಒಪ್ಪುತ್ತದೆ. ಎಷ್ಟು ಆರ್ಗ್ಯುಮೆಂಟುಗಳೊಡನೆ ಕರೆಯಬೇಕೆಂಬುದನ್ನು ಮಾತ್ರ ಹೇಳದು.

ಹೀಗೆ ಕುಲವನ್ನು ಬಿಟ್ಟು ಶಕ್ತಿಯನ್ನು ಕೇಳುವ ಪದ್ಧತಿಗೆ ಪೈಥಾನಿಗರು ಬಾತುಕೋಳಿಯ ಹೆಸರಿಟ್ಟಿದ್ದಾರೆ: ಬಾತುಕೋಳಿಯಂತೆ ನಡೆದು ಬಾತುಕೋಳಿಯಂತೆ ಕೂಗುವುದನ್ನು ಬಾತುಕೋಳಿಯೆಂದೇ ಎಣಿಸಿ ವ್ಯವಹರಿಸಬೇಕೆಂಬುದು ಅದರ ಆಶಯ. ಮೊದಲು ಪರೀಕ್ಷಿಸಿ ಆಮೇಲೆ ಕಾಲಿಡುವುದಕ್ಕಿಂತ, ಕಾಲಿಟ್ಟು ನೋಡಿ, ದೋಷ ಬಂದರೆ ಅದನ್ನು ಹಿಡಿದು ನಿಭಾಯಿಸುವುದು ಲೇಸೆಂಬ ಅವರ ಇನ್ನೊಂದು ನುಡಿಯೂ ಇದರ ಒಡಹುಟ್ಟು. ಆದರೆ ಶಕ್ತಿಯ ಪರೀಕ್ಷೆಯೆಂದರೆ ಹೆಸರಿನ ಪರೀಕ್ಷೆಯಾಗಿಬಿಡುವ ಅಪಾಯವುಂಟು. ಹ್ಯಾಸ್‌ಆ್ಯಟ್ರ್ ಎಂಬುದು ವಸ್ತುವಿಗೆ ‘ಜಮಾ’ ಎಂಬ ಗುಣವಿದೆಯೆಂದು ಹೇಳಿದ ಮಾತ್ರಕ್ಕೆ ಅದು ಮೆಥಡ್ಡೆಂದಾಗಲಿ, ನಾವು ಬಯಸಿದ ಅರ್ಥದ ಜಮಾ ಎಂದಾಗಲಿ ಸಿದ್ಧವಾಗುವುದಿಲ್ಲ. ಅಲ್ಲದೆ ಅದು ದೂರದಿಂದ ಇಣಿಕಿ ನೋಡುವುದಿಲ್ಲ, ಗುಣವನ್ನು ನಿಜವಾಗಿಯೇ ಕೇಳಿ ಪಡೆಯುತ್ತದೆ. ಆ ಗುಣವು ‘ಪ್ರಾಪರ್ಟಿ’ಯಾಗಿದ್ದು ಅದರ ಹಿಂದೆ ದೂರದ ಸರ್ವರಿನಿಂದ ಮಾಹಿತಿ ತರುವ ಕೆಲಸವೇನಾದರೂ ಅಡಗಿದ್ದರೆ, ಇದೆಯೇ ಎಂದು ಕೇಳಿದ ಮಾತ್ರಕ್ಕೆ ಆ ಕೆಲಸವೆಲ್ಲ ನಡೆದುಹೋಗುತ್ತದೆ.

ವಂಶಕ್ಕೂ ಶಕ್ತಿಗೂ ನಡುವೆ ಸೇತುವೆ ಕಟ್ಟುವ ಯತ್ನವಾಗಿ 2007ರಲ್ಲಿ ಗೀಡೊ ಅವರೂ ತಾಲಿನ್ ಎಂಬುವರೂ ಕೂಡಿ ಅಮೂರ್ತ ಮೂಲವರ್ಗಗಳ ಯೋಜನೆಯನ್ನು ಮಂಡಿಸಿದರು. ತತ್ಪರಿಣಾಮವಾಗಿ, ವಂಶದಲ್ಲಿ ಯಾವ ಸಂಬಂಧವೂ ಇಲ್ಲದ ವಸ್ತುವೂ ‘ಲೆನ್’ ಎಂಬ ವಿಶೇಷ ಮೆಥಡ್ಡನ್ನು ಹೊಂದಿದ್ದರೆ ಸಾಕು, ‘ಸೈಜ಼್ಡ್’ ಎಂಬ ಅಮೂರ್ತ ವರ್ಗದ ವಸ್ತುವೆಂದು ಈಸ್‌ಇನ್‌ಸ್ಟನ್ಸಿನಿಂದ ಅಂಗೀಕಾರ ಪಡೆಯುತ್ತದೆ. ಈ ಏರ್ಪಾಟು ಬಹೂಪಯೋಗಿ. ಆದರೂ ಒಂದು ಸ್ಥಳದಲ್ಲಿ ಅದು ನಿಶ್ಚಯವಾಗಿ ಕೈಕೊಡುತ್ತದೆ. ಹೆಸರುಗಳ ಪಟ್ಟಿಯನ್ನು ತೆಗೆದುಕೊಂಡು ಒಬ್ಬೊಬ್ಬರಿಗೂ ಪತ್ರ ಬರೆಯುವ ಫಂಕ್ಷನ್ನೊಂದು, ತನಗೆ ಬಂದದ್ದನ್ನು ಒಂದೊಂದಾಗಿ ಎಣಿಸಬಹುದೇ ಎಂದು ‘ಇಟರಬಲ್’ ಎಂಬ ಅಮೂರ್ತ ವರ್ಗದ ಮುಖಾಂತರ ಪರೀಕ್ಷಿಸುತ್ತದೆನ್ನಿ. ಪಟ್ಟಿಯ ಬದಲು ‘ರಾಮ’ ಎಂಬ ಒಂದೇ ಹೆಸರನ್ನು ಯಾರೋ ಒಪ್ಪಿಸುತ್ತಾರೆ. ಸ್ಟ್ರಿಂಗನ್ನೂ ಒಂದೊಂದಾಗಿ ಎಣಿಸಬಹುದಾದುದರಿಂದ ಪರೀಕ್ಷೆ ತೇರ್ಗಡೆಯಾಗುತ್ತದೆ. ಮೊದಲನೆಯ ಪತ್ರ ‘ರ’ ಎಂಬುವರಿಗೆ, ಎರಡನೆಯದು ಯಾವ ವ್ಯಂಜನದ ಆಸರೆಯೂ ಇಲ್ಲದ ಬರಿಯ ‘ಆ’ ಸ್ವರಚಿಹ್ನೆಗೆ, ಮೂರನೆಯದು ‘ಮ’ ಎಂಬುವರಿಗೆ ಹೊರಡುತ್ತದೆ. ಸ್ಟ್ರಿಂಗನ್ನು ಮೊದಲೇ ಹೆಸರು ಹಿಡಿದು ಹೊರಗಿಡುವುದನ್ನು ಬಿಟ್ಟರೆ ಇದಕ್ಕೆ ಮದ್ದಿಲ್ಲ. ಶಕ್ತಿಯನ್ನು ಕೇಳಬೇಕು, ಕುಲವನ್ನು ಕೇಳಬಾರದೆಂದು ಉಪದೇಶಿಸುವವರೂ ಈ ಒಂದೆಡೆ ಕುಲವನ್ನು ಕೇಳಿಯೇ ತೀರುತ್ತಾರೆ.

ಇವೆಲ್ಲ ಪ್ರೋಗ್ರಾಮು ಓಡುತ್ತಿರುವಾಗ ನಡೆಯುವ ವಿಚಾರಣೆಗಳು. ಓಡುವುದಕ್ಕೆ ಮೊದಲೇ, ಬರೆದಿಟ್ಟ ಪಠ್ಯವನ್ನು ಓದಿಯೇ ತಪ್ಪು ಹಿಡಿಯುವ ಇನ್ನೊಂದು ಮಾರ್ಗ ಹದಿನೈದು ವರ್ಷಗಳಿಂದೀಚೆಗೆ ಬೆಳೆದಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಅಭ್ಯಾಸ ಮಾಡುತ್ತಿದ್ದ ಯುಕ್ಕಾ ಲೆಹ್ಟೊಸಾಲೊ ಅವರು ಆರಂಭಿಸಿದ ಮೈಪೈ ಎಂಬ ಪರೀಕ್ಷಕವೂ, 2015ರ ಸೆಪ್ಟೆಂಬರಿನ 3.5ನೆಯ ಆವೃತ್ತಿಯಲ್ಲಿ ಭಾಷೆಗೆ ಸೇರಿದ ಪ್ರಕಾರಸೂಚನೆಗಳ ಕ್ರಮವೂ ಇದಕ್ಕೆ ಆಧಾರ. ಜಮಾಕ್ಕೆ ಬರುವ ಮೊತ್ತ ಇಂಟ್ ಆಗಿರತಕ್ಕದ್ದೆಂದು ಬರೆಯುವವನು ಅಲ್ಲಿಯೇ ಸೂಚಿಸಬಹುದು. ಪೈಥಾನ್ ಆ ಸೂಚನೆಯನ್ನು ಕೇಳಿಸಿಕೊಂಡು ಬದಿಗಿಡುತ್ತದೆ, ಸ್ಟ್ರಿಂಗ್ ಬಂದರೂ ತಡೆಯುವುದಿಲ್ಲ. ತಡೆಯುವ ಕೆಲಸ ಮೈಪೈಯಂಥ ಹೊರಗಿನ ಪರೀಕ್ಷಕರದು. ಗೀಡೊ ಅವರು ಆಗ ಕೆಲಸಮಾಡುತ್ತಿದ್ದ ಡ್ರಾಪ್‌ಬಾಕ್ಸ್ ಸಂಸ್ಥೆಯು 2019ರ ವೇಳೆಗೆ ತನ್ನ 40 ಲಕ್ಷ ಸಾಲುಗಳಷ್ಟು ಪೈಥಾನ್ ಪಠ್ಯವನ್ನು ಈ ಕ್ರಮದ ಪರೀಕ್ಷೆಗೆ ಒಳಪಡಿಸಿತ್ತು. ಆವರಣಚಿಹ್ನೆಯನ್ನು ಮರೆತ ‘ಬರಿದೇ’ಯಂಥ ಸಾಲನ್ನು ಕಂಡರೆ ಮೈಪೈ ಇದು ಯಾವಾಗಲೂ ಸತ್ಯವಾಗುವ ಫಂಕ್ಷನ್ನೆಂದು ಎಚ್ಚರಿಸುತ್ತದೆ.

ಹೊರಗಿನ ಪರೀಕ್ಷಕನ ನ್ಯಾಯವೂ ಓಡುವ ಭಾಷೆಯ ನ್ಯಾಯವೂ ಎಲ್ಲ ಕಡೆಯೂ ಒಂದೇ ಆಗಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಫ್ಲೋಟ್ ಬೇಕೆಂದು ಸೂಚಿಸಿದ ಕಡೆ ಇಂಟನ್ನು ಕೊಟ್ಟರೆ ಮೈಪೈ ಸಂತೋಷದಿಂದ ಒಪ್ಪುತ್ತದೆ. 5 ಎಂಬ ಪೂರ್ಣಾಂಕವು ಫ್ಲೋಟೇ ಎಂದು ಈಸ್‌ಇನ್‌ಸ್ಟನ್ಸನ್ನು ಕೇಳಿದರೆ ಅದು ಅಲ್ಲವೆನ್ನುತ್ತದೆ. ಫ್ಲೋಟಿಗೆ ‘ಈಸ್ ಇಂಟೀಜರ್’ ಎಂಬ ಮೆಥಡ್ ಬಹುಕಾಲದಿಂದ ಇದ್ದು, ಇಂಟಿಗೆ ಅದು ಒದಗಿದ್ದು 2023ರ 3.12ರಲ್ಲಿ, ಅದುವರೆಗೆ ಮೈಪೈಯ ಒಪ್ಪಿಗೆ ಪಡೆದ ನಿರ್ದೋಷವಾದ ಪಠ್ಯವೂ ಪೂರ್ಣಾಂಕವೊಂದು ಬಂದೊಡನೆ, ಇಂಥ ಗುಣವಿಲ್ಲವೆಂದು ಮುಗ್ಗರಿಸಿ ಬೀಳುತ್ತಿತ್ತು. ಪೂರ್ಣಾಂಕಗಳ ಪಟ್ಟಿಯೇ ಎಂದು ಈಸ್‌ಇನ್‌ಸ್ಟನ್ಸನ್ನು ಕೇಳಹೋದರಂತೂ ಅದು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ, ಇಂಥ ಪ್ರಶ್ನೆಯನ್ನು ತನ್ನಲ್ಲಿ ಕೇಳಕೂಡದೆಂದು ಟೈಪ್‌ಎರರನ್ನೇ ಎಸೆಯುತ್ತದೆ. ಪಟ್ಟಿಯೊಂದು ತನ್ನೊಳಗೆ ಇಂತಿಂಥವೇ ಇರಬೇಕೆಂಬ ನಿಯಮವನ್ನು ಎಲ್ಲಿಯೂ ಬರೆದಿಟ್ಟುಕೊಂಡಿಲ್ಲ. ಒಂದೊಂದನ್ನೂ ತೆಗೆದು ನೋಡುವವರೆಗೆ ಅದಕ್ಕೆ ಉತ್ತರ ಕೊಡುವ ಸಾಮರ್ಥ್ಯವೂ ಇಲ್ಲ.

ಪ್ರೋಗ್ರಾಮಿನ ಒಳಗೆ, ನಮ್ಮದೇ ಫಂಕ್ಷನ್‌ಗಳು ಪರಸ್ಪರ ವಸ್ತುಗಳನ್ನು ಒಪ್ಪಿಸಿಕೊಳ್ಳುವೆಡೆಯಲ್ಲಿ, ಸೂಚನೆಗಳನ್ನು ಬರೆದು ಮೈಪೈಗೆ ಬಿಡುವುದೇ ಸಾಕೆಂದೂ, ಸಾಲುಸಾಲಿಗೂ ಈಸ್‌ಇನ್‌ಸ್ಟನ್ಸನ್ನು ನೆಟ್ಟರೆ ಪಠ್ಯವೇ ಕಾಣದಂತಾಗುವುದೆಂದೂ ನನ್ನ ಅಭಿಪ್ರಾಯ. ಹೊರಗಿನಿಂದ ಮಾಹಿತಿ ಒಳಬರುವ ಬಾಗಿಲಿನ ಪರಿಸ್ಥಿತಿ ಬೇರೆ. ಜೇಸನ್ ರೂಪದಲ್ಲಿ ಬಂದ ಪತ್ರವನ್ನು ಪೈಥಾನಿನ ವಸ್ತುವನ್ನಾಗಿ ಪರಿವರ್ತಿಸುವ ‘ಲೋಡ್ಸ್’ ಎಂಬ ಫಂಕ್ಷನ್ನಿನ ಫಲಿತವು ಏನಾದರೂ ಆಗಿರಬಹುದೆಂದೇ ಪರೀಕ್ಷಕರ ದಾಖಲೆಯಲ್ಲಿ ನಮೂದಾಗಿರುವುದರಿಂದ, ಮೈಪೈ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ವಿಚಾರಣೆಯ ಹೊಣೆ ಪೂರ್ತಿಯಾಗಿ ಬರೆಯುವವನ ಮೇಲೆಯೇ ಬೀಳುತ್ತದೆ. ಲೀಟರುಗಳೆಂಬ ಒಂದೇ ಅಂಕಣದಲ್ಲಿ 25 ಎಂದು ಬಂದರೆ ಇಂಟ್, 25.0 ಎಂದು ಬಂದರೆ ಫ್ಲೋಟ್, ಯಾರಾದರೂ ಎರಡು ಉದ್ಧರಣಚಿಹ್ನೆಗಳ ನಡುವೆ ಬರೆದಿದ್ದರೆ ಸ್ಟ್ರಿಂಗ್, ಬರೆಯದೆಯೇ ಬಿಟ್ಟದ್ದನ್ನು ಶೂನ್ಯಸೂಚಕವಾಗಿ ಕಳುಹಿಸಿದ್ದರೆ ‘ನನ್’ ಎಂಬ ವಸ್ತು. ಇಂಟ್ ಮತ್ತು ಫ್ಲೋಟ್ ಎರಡನ್ನೂ ಜೊತೆಯಾಗಿ ಕೊಟ್ಟು ಈಸ್‌ಇನ್‌ಸ್ಟನ್ಸನ್ನು ಕೇಳಬೇಕು. ಅದಕ್ಕೆ ಮೊದಲು ಬೂಲನ್ನು ಕೇಳಿ ಹೊರಗಿಡಬೇಕು, ಇಲ್ಲವಾದರೆ ಜೇಸನ್ನಿನಲ್ಲಿ ‘ಟ್ರೂ’ ಎಂದು ಬಂದ ಅಂಕಣವು ಒಂದು ಲೀಟರು ಹಾಲೆಂದು ಲೆಕ್ಕಕ್ಕೆ ಸೇರಿಬಿಡುತ್ತದೆ.